ಇಬ್ಬರಿಗೆ ಒಂದೇ ಕಂಬಳಿ

ಹಮ್ರಿಯಾ, ಮಸ್ಕತ್
12 ಅಕ್ಟೋಬರ್ 1992

ಮಗಾ ಕುಸುಮ,

ನಿನ್ನ ವಿಳಾಸ ಬರೆಯುವಾಗ ಪ್ರತಿಸಲ ನನಗೆ ಸಿಟ್ಟು ಬರುತ್ತದೆ. ಊರಿನ ಹೆಸರಿಲ್ಲ, ಬೀದಿಯ ಹೆಸರಿಲ್ಲ, ಬರೀ ನಂಬರು. ಮಿಲಿಟರಿಯವರಿಗೆ ಶತ್ರುಗಳ ಹೆದರಿಕೆ ಇರಬಹುದು. ನಿನ್ನ ಅಜ್ಜಿಯ ಹೆದರಿಕೆ ಯಾಕೆ?

ಇದು ಅಂಚೆಯಲ್ಲಿ ಬರುವುದಿಲ್ಲ. ಘಾಲಾದ ಗ್ಯಾರೇಜಿನ ಅಲೋಶಿಯಸ್ ರಜೆಗೆ ಹೊರಟಿದ್ದಾನೆ. ಅವನ ತಮ್ಮ ನಿನ್ನ ಆಸ್ಪತ್ರೆ ಇರುವ ಊರಿನಲ್ಲೇ ಮಿಲಿಟರಿ ಡ್ರೈವರಂತೆ. ತಮ್ಮನನ್ನು ನೋಡಲು ಹೋದಾಗ ನಿನ್ನನ್ನೂ ನೋಡಿ ಬರುತ್ತಾನೆ. ಅವನ ಕೈಯಲ್ಲಿ ಒಂದು ಕಂಬಳಿ ಕೊಟ್ಟಿದ್ದೇನೆ. ಗುಲಾಬಿ ಹೂವಿನದ್ದು, ಡಬಲ್. ಅಲ್ಲಿ ಚಳಿಗೆ ನಲ್ಲಿಯ ನೀರೇ ಗಟ್ಟಿಯಾಗುತ್ತದೆ ಎಂದು ಬರೆದಿದ್ದೆಯಲ್ಲ. ನೀನು, ನಿನ್ನ ಜೊತೆಯ ನರ್ಸ್ ಜೇನ್, ಇಬ್ಬರೂ ಒಂದೇ ಕೋಣೆಯವರು. ಎರಡು ಸಿಂಗಲ್ ತೆಗೆದರೆ ಅಲೋಶಿಯಸನ ಪೆಟ್ಟಿಗೆ ಮುಚ್ಚುವುದಿಲ್ಲ. ಇಬ್ಬರಿಗೂ ಒಂದು ಸಾಕು.

ಕಂಬಳಿಯಿಂದ ಮೀನಿನವರೆಗೆ ಎಲ್ಲ ಮಾರುವ ಅಂಗಡಿಯ ಉಮರಬ್ಬನಿಗೆ ಅದನ್ನು ಕಟ್ಟಿಕೊಡಲು ಮನಸ್ಸೇ ಇಲ್ಲ. “ಅಜ್ಜೀ, ಇದು ಹೊಸ ಮದುಮಕ್ಕಳಿಗೆ ಕೊಡುವಂಥದ್ದು ಮಾರಾಯ್ರೆ” ಎಂದ. “ಚಳಿ ಏನು ಮದುವೆ ಆಗಿದೆಯಾ ಅಂತ ಕೇಳಿ ಬರ್ತದಾ? ಕಟ್ಟು ಸುಮ್ಮನೆ” ಎಂದೆ. ಕಟ್ಟಿದ.

ಜೇನಿನ ತಾಯಿ ಇಸಾಬೆಲ್ಲಾಬಾಯಿ ಕಳೆದ ಶುಕ್ರವಾರ ಸಿಕ್ಕಿದ್ದರು. ರೂವಿಯ ಆಫೀಸಿನಲ್ಲಿ ಟೈಪು ಮಾಡಿ ಮಾಡಿ ಬೆರಳು ಬಾತಿದೆಯಂತೆ. ತನ್ನ ಮಗಳೂ ನೀನೂ ಲೆಫ್ಟಿನೆಂಟುಗಳು ಎಂದು ಮೀನಿನ ಅಂಗಡಿಯವನಿಗೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಸುಳ್ಳು ಯಾಕೆ. ನಿನ್ನ ಅಪ್ಪ-ಅಮ್ಮ ಇಲ್ಲಿ ದುಡಿಯುವಾಗ ಊರಿನಲ್ಲಿ ನಿನ್ನನ್ನು ಸಾಕಿದವಳು ನಾನು. ನನಗೂ ಸ್ವಲ್ಪ ಜಂಬ ಬೇಡವಾ?

ನಿನ್ನ ಅಮ್ಮ ಗಂಡು ಹುಡುಕುತ್ತಿದ್ದಾಳೆ. ನಾನು ನಡುವೆ ಬಾಯಿ ಹಾಕಿಲ್ಲ. ಇನ್ನೂ.

ಕಂಬಳಿಯನ್ನು ಒಗೆಯಬೇಡ, ಬಿಸಿಲಿಗೆ ಹಾಕು.

ಇಲ್ಲಿ ಸೆಕೆಯಲ್ಲಿ ಕೂತ
ಅಜ್ಜಿ ಸುಂದರಿ

*

ಆಫೀಸರ್ಸ್ ಮೆಸ್, ಮಿಲಿಟರಿ ಆಸ್ಪತ್ರೆ
8 ನವೆಂಬರ್ 1992

ಅಜ್ಜೀ,

ಕಂಬಳಿ ಬಂತು. ಬಂದ ರೀತಿಯನ್ನು ಹೇಳಿದರೆ ನೀನು ನಗುತ್ತೀಯೋ ಬೈಯುತ್ತೀಯೋ ಗೊತ್ತಿಲ್ಲ.

ನಾವು ಸಿಸ್ಟರುಗಳು ಉಳಿಯುವ ಈ ಮೆಸ್ಸಿಗೆ ಹೊರಗಿನ ಗಂಡಸರು ಬಂದರೆ ಮುಂದಿನ ಹಾಲಿನಲ್ಲೇ ಕೂರಬೇಕು, ತಂದದ್ದನ್ನು ಅಲ್ಲೇ ಬಿಚ್ಚಬೇಕು. ಆ ಹೊತ್ತಿಗೆ ನಮ್ಮ ಮೇಲಧಿಕಾರಿ ಮೇಟ್ರನ್ ಮೇಡಂ ಮತ್ತು ಉಳಿದ ಸಿಸ್ಟರುಗಳು ಚಹಾ ಕುಡಿಯುತ್ತಿದ್ದರು. ಅಲೋಶಿಯಸಣ್ಣ ಹಗ್ಗ ಬಿಚ್ಚಿದ್ದೇ ತಡ, ಕಂಬಳಿ ಉಬ್ಬಿ ಮೇಜಿನ ಮೇಲೆಲ್ಲಾ ಹರಡಿತು. ಅಷ್ಟು ದೊಡ್ಡ ಗುಲಾಬಿಗಳನ್ನು ಇಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ಅವನಿಗೆ ಉಮೇದು ಬಂತು. ತನ್ನ ಹಿಂದಿಯಲ್ಲಿ, ಗ್ಯಾರೇಜಿನ ಗಂಟಲಿನಲ್ಲಿ, “ಕುಸುಮ ಔರ್ ಜೇನ್, ದೋನೋಂ ಕೋ ಏಕ್ ಬಸ್! ಅಜ್ಜಿ ಬೋಲಾ!” ಎಂದ, ಇಬ್ಬರಿಗೂ ಒಂದು ಸಾಕೆಂದು ನೀನು ಹೇಳಿದ್ದನ್ನೇ.

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ನಮ್ಮ ಬಗ್ಗೆ ಅದಕ್ಕೆ ಮೊದಲೇ ಸಣ್ಣದಾಗಿ ಮಾತಿತ್ತು ಅಂತ ಕಾಣುತ್ತದೆ. ಈಗ ಜೇನಿಗೆ ಕಾರಿಡಾರಿನ ಆ ತುದಿಯ ಕೋಣೆ ಕೊಟ್ಟಿದ್ದಾರೆ. ಕಂಬಳಿ ನನ್ನ ಹತ್ತಿರ ಇದೆ. ಒಬ್ಬಳಿಗೆ ಬಹಳ ದೊಡ್ಡದು.

ನಿನ್ನ ಕುಸುಮ

*

ಹಮ್ರಿಯಾ
26 ನವೆಂಬರ್ 1992

ಕುಸುಮ,

ಇದೆಂಥ ಆಸ್ಪತ್ರೆ! ಒಂದು ಕಂಬಳಿ ಕಂಡರೆ ಕೋಣೆ ಬದಲಿಸುವುದಾ? ನಾನು ಅಕ್ಕ-ತಂಗಿಯರ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು. ನಿನ್ನ ಮೇಟ್ರನಿಗೆ ಅಕ್ಕ-ತಂಗಿ ಇಲ್ಲವಾ ಎಂದು ಬರೆಯಲು ಹೊರಟಿದ್ದೆ.

ಆಮೇಲೆ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ನನ್ನ ಓದು ಗೊತ್ತಲ್ಲ, ಮೂರನೇ ಕ್ಲಾಸಿನದ್ದು. ಬೆರಳಿಟ್ಟುಕೊಂಡು ಓದುವವರಿಗೆ ಒಂದು ಲಾಭ ಉಂಟು: ಬರೆಯದೆ ಬಿಟ್ಟ ಜಾಗದಲ್ಲೂ ಬೆರಳು ನಿಲ್ಲುತ್ತದೆ. ‘ಆಮೇಲೆ ಯಾರೂ ನಗಲಿಲ್ಲ’ ಎಂದಿದ್ದೀ. ಅಲ್ಲಿ ನಿಂತಿತು.

ಸಣ್ಣವಳಿರುವಾಗ ಜ್ವರ ಬಂದರೂ ಹೇಳುತ್ತಿರಲಿಲ್ಲ ನೀನು. ಹಣೆ ಮುಟ್ಟಿ ನೋಡಬೇಕಿತ್ತು. ಇಲ್ಲಿಂದ ನನ್ನ ಕೈ ಮುಟ್ಟುವುದಿಲ್ಲ, ಹಾಗಾಗಿ ಬಾಯಿಯಲ್ಲಿ ಕೇಳುತ್ತೇನೆ. ಎಂತ ವಿಷಯ? ನಿನ್ನ ಕಾಗದವನ್ನು ನಾನೇ ಒಡೆಯುತ್ತೇನೆ, ನಾನೇ ಓದುತ್ತೇನೆ. ಬೇರೆ ಯಾರಿಗೂ ಕೊಡುವುದಿಲ್ಲ.

ಬೈಯುವುದಿದ್ದರೆ ಬೈಯುತ್ತೇನೆ. ಅದಕ್ಕೆ ಹೆದರಿ ಬರೆಯದೆ ಇರಬೇಡ.

ಅಜ್ಜಿ

*

ಆಫೀಸರ್ಸ್ ಮೆಸ್
20 ಡಿಸೆಂಬರ್ 1992

ಅಜ್ಜೀ,

ನೇರವಾಗಿ ಕೇಳಿದ್ದೀ, ನೇರವಾಗಿ ಹೇಳುತ್ತೇನೆ. ಜೇನ್ ನನಗೆ ಬರೀ ಗೆಳತಿಯಲ್ಲ. ಬೇರೆ ಹುಡುಗಿಯರು ಗಂಡನ ಬಗ್ಗೆ ಏನೆಲ್ಲ ಆಸೆಪಡುತ್ತಾರೋ ಅದೆಲ್ಲ ನನಗೆ ಅವಳ ಮೇಲೆ ಇದೆ. ಅವಳಿಗೂ ಹಾಗೆಯೇ. ಇದು ಮೊನ್ನೆ ಶುರುವಾದದ್ದಲ್ಲ, ನಾಳೆ ಬಿಟ್ಟುಹೋಗುವುದೂ ಅಲ್ಲ.

ಮೇಟ್ರನ್ ಮೇಡಂ ಕೆಟ್ಟವರಲ್ಲ. ಬಾಗಿಲು ಹಾಕಿ ಕೂರಿಸಿ ಒಂದು ದಾರಿ ಹೇಳಿಕೊಟ್ಟರು. ಮಸ್ಕತ್ತಿನಿಂದ ‘ಗ್ರಾಂಡ್‌ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂದು ಒಂದು ಟೆಲಿಗ್ರಾಂ ಬರಬೇಕು. ಸಾಕಿದ ಅಜ್ಜಿಯನ್ನು ನೋಡಿಕೊಳ್ಳಲು ನಾನು ಕೆಲಸ ಬಿಡುತ್ತೇನೆಂದು ಬರೆದುಕೊಡಬೇಕು. ಅವರು ಸಹಿ ಹಾಕುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ರಜೆಗಾಗಿ ಇಲ್ಲಿ ದಿನವೂ ಯಾರದ್ದಾದರೂ ಅಜ್ಜಿ ಸಾಯುತ್ತಿರುತ್ತಾಳೆ, ಅದು ಹೊಸದಲ್ಲ.

ಟೆಲಿಗ್ರಾಂ ಬರದಿದ್ದರೆ ಫೆಬ್ರವರಿಯಲ್ಲಿ ವಿಚಾರಣೆ. ಮೂವರು ಆಫೀಸರುಗಳು ಕೂತು ಕೇಳುತ್ತಾರೆ, ನಿಜವಾ ಎಂದು. ಸುಳ್ಳೆಂದರೆ ಸುಮ್ಮನಾಗಬಹುದು. ಆಗ ಜೇನನ್ನು ದೂರ ಹಾಕುತ್ತಾರೆ, ನನ್ನ ಮೇಲೆ ಕಣ್ಣಿಡುತ್ತಾರೆ. ನಿಜವೆಂದರೆ ಕೆಲಸ ಹೋಗುತ್ತದೆ. ಈ ಕೆಲಸ ಬಿಟ್ಟು ನನಗೆ ಬೇರೇನೂ ಬೇಕಾಗಿಲ್ಲ, ಅಜ್ಜೀ. ಅದನ್ನು ನಾನು ಚೆನ್ನಾಗಿ ಮಾಡುತ್ತೇನೆ.

ಮೇಡಂ ಅಪ್ಪನಿಗೂ ಜೇನಿನ ಅಮ್ಮನಿಗೂ ಬರೆದಿದ್ದಾರಂತೆ. ಟೆಲಿಗ್ರಾಂ ಕಳಿಸಲು ಅಪ್ಪನಿಗೆ ಹೇಳಲೇ, ಬೇಡವೇ? ನಿನ್ನ ಹೆಸರಿನಲ್ಲಿ ಹೋಗುವುದು. ಹಾಗಾಗಿ ನಿನ್ನನ್ನು ಕೇಳದೆ ಆಗದು.

ಕುಸುಮ

*

ಹಮ್ರಿಯಾ
24 ಜನವರಿ 1993

ಮಗಾ,

ತಡವಾಯಿತು. ನಾನು ಬರೆಯಲಿಲ್ಲ ಎಂದು ನೀನು ಏನೇನು ಯೋಚಿಸಿದೆಯೋ. ಯೋಚಿಸಿದ್ದರಲ್ಲಿ ಅರ್ಧ ನಿಜ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ನಿನ್ನ ಮಿಲಿಟರಿ ಪ್ಯಾಂಟಿನ ಮೇಲೆ ಬಂತು, ಹೆಣ್ಣುಮಕ್ಕಳಿಗೆ ಪ್ಯಾಂಟು ಹಾಕಿಸಿ ಓಡಿಸಿದರೆ ಹೀಗಾಗುತ್ತದೆ ಎಂದು. ನಿನ್ನ ಅಮ್ಮನಿಗೆ ಅದನ್ನೇ ಹೇಳಿದೆ. “ಅಮ್ಮ, ಇಲ್ಲಿ ಪಕ್ಕದ ಫ್ಲ್ಯಾಟಿನ ನಫೀಸಾನೂ ಪ್ಯಾಂಟು ಹಾಕುತ್ತಾಳೆ, ಅವಳಿಗೆ ನಾಲ್ಕು ಮಕ್ಕಳು” ಎಂದಳು. ಆ ಸಿಟ್ಟೂ ಹೋಯಿತು. ಇನ್ನು ಯಾರ ಮೇಲೆ ಸಿಟ್ಟು ಮಾಡುವುದೆಂದು ಹುಡುಕುತ್ತಿರುವಾಗ ಇಸಾಬೆಲ್ಲಾಬಾಯಿ ಬಂದರು.

ಚಪ್ಪಲಿಯನ್ನೂ ಕಳಚದೆ ಒಳಗೆ ಬಂದರು. “ಸುಂದರಕ್ಕ, ನಿಮ್ಮ ಪುಳ್ಳಿ ನನ್ನ ಮಗಳನ್ನು ಹಾಳು ಮಾಡಿದ್ದು.”

“ನಿಮ್ಮ ಮಗಳೇನು ತೊಟ್ಟಿಲಲ್ಲಿ ಉಂಟಾ ಬಾಯಿ? ಗುಂಡು ತಾಗಿದ ಗಂಡಸರನ್ನು ಹೊರಳಿಸಿ ಮಲಗಿಸುವವಳು. ಅವಳನ್ನು ಯಾರು ಹಾಳು ಮಾಡುವುದು?”

“ಇನ್ನು ನಾನು ಇಗರ್ಜಿಯಲ್ಲಿ ಪಾದ್ರಿಯ ಮುಂದೆ ತಲೆ ಎತ್ತುವುದು ಹೇಗೆ?”

“ಕುತ್ತಿಗೆಯಿಂದ.”

ಹಾಗೆ ಹೇಳಬಾರದಿತ್ತು. ಅವರು ಅಲ್ಲೇ ಕುರ್ಚಿಯಲ್ಲಿ ಕೂತು ಅಳಲು ಶುರುಮಾಡಿದರು. ಬಾತ ಬೆರಳುಗಳಲ್ಲಿ ಮುಖ ಮುಚ್ಚಿಕೊಂಡು. ನಾನು ಎದ್ದು ಚಹಾ ಇಟ್ಟೆ. ಕುಡಿದರು. ಹೋಗುವಾಗ ಲೋಟ ತೊಳೆದಿಟ್ಟರು.

ಸಂಜೆ ನಿನ್ನ ಅಪ್ಪ ಟೆಲಿಗ್ರಾಂ ಬರೆದುಕೊಂಡೇ ಬಂದರು. “ಅತ್ತೆ, ಇದರಲ್ಲಿ ನಿಮಗೆ ಎಂತ ಕಷ್ಟ? ನಾಳೆ ಕಳಿಸಿದರೆ ಖಲಾಸ್, ವಿಷಯ ಮುಗಿಯಿತು. ನಮ್ಮ ಮನೆತನದ ಹೆಸರು ಉಳಿಯುತ್ತದೆ.”

“ಭೋಜರಾಜ, ನಮ್ಮಲ್ಲಿ ಮಕ್ಕಳು ಯಾರ ಕುಟುಂಬದವರು?”

“ತಾಯಿಯ ಕುಟುಂಬದವರು” ಎಂದರು. ಎಷ್ಟು ವರ್ಷ ಗಲ್ಫಿನಲ್ಲಿದ್ದರೂ ನಮ್ಮ ಅಳಿಯಸಂತಾನದ ಕಟ್ಟನ್ನು ಮರೆಯಲು ಆಗುವುದಿಲ್ಲ.

“ಹಾಗಾದರೆ ನನ್ನ ಮಗಳು ಉಮಾವತಿ ಹೆತ್ತವಳು ನನ್ನ ಕುಟುಂಬದವಳು. ಹೋಗುವ ಹೆಸರು ನನ್ನದು. ಹೋದರೆ ನಾನು ನೋಡಿಕೊಳ್ಳುತ್ತೇನೆ.”

ಜಗಳಕ್ಕೆ ಹಾಗೆ ಹೇಳಿದೆ. ಮಲಗಿದ ಮೇಲೆ ನಿನ್ನ ಮಾತಿಗೆ ಏನು ಉತ್ತರ ಬರೆಯುವುದೆಂದು ಯೋಚಿಸಿದೆ. ನೀನು ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿಲ್ಲ, ಕುಸುಮ. ಅರ್ಥವಾಯಿತೆಂದು ನಾಟಕ ಆಡುವುದಿಲ್ಲ. ಕೆಲವು ಮಾತು ಕೇಳಬೇಕು. ನಿನಗೆ ಜ್ವರ ಬಂದಾಗ ಅವಳು ಹಣೆ ಮುಟ್ಟುತ್ತಾಳಾ? ಜಗಳವಾದರೆ ಮೊದಲು ಮಾತಾಡುವವರು ಯಾರು? ನೀನಂತೂ ಅಲ್ಲ ಎಂದು ಗೊತ್ತು. ಅವಳು ನಿನ್ನ ಮೊಂಡುತನಕ್ಕೆ ನಗುತ್ತಾಳಾ, ಅಳುತ್ತಾಳಾ? ಹುಡುಗ ಬಂದಿದ್ದರೆ ಅವನ ಬಗ್ಗೆ ಇದನ್ನೇ ಕೇಳುತ್ತಿದ್ದೆ. ಇವಳ ಬಗ್ಗೆಯೂ ಇದೇ.

ಮದುವೆಯಾದರೂ ಸಿಸ್ಟರುಗಳನ್ನು ಕೆಲಸದಿಂದ ಬಿಡಿಸುವ ನಿಯಮ ಉಂಟೆಂದು ನೀನೇ ಹಿಂದೆ ಬರೆದಿದ್ದೆ. ಗಂಡನನ್ನು ಕಟ್ಟಿಕೊಂಡರೂ ಹೊರಗೆ, ಕಟ್ಟಿಕೊಳ್ಳದಿದ್ದರೂ ಹೊರಗೆ. ಹಾಗಾದರೆ ಆ ಮಿಲಿಟರಿಗೆ ಬೇಕಾದ ಹೆಣ್ಣು ಎಂಥದ್ದು? ಅವರಿಗೇ ಗೊತ್ತಿಲ್ಲ.

ಈಗ ಟೆಲಿಗ್ರಾಂ ವಿಷಯ. ನಿನಗೆ ಬಿಟ್ಟು ಬರಬೇಕೆಂದು ಇದ್ದರೆ ಬರೀ ‘ಕಳಿಸು’ ಎಂದು ಬರೆ. ನಾನು ನಾಳೆಯೇ ಮಲಗುತ್ತೇನೆ. ನಿನಗಾಗಿ ಸಾಯುವ ಹಾಗೆ ಬಿದ್ದುಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬಿಟ್ಟು ಬರುವ ಮನಸ್ಸಿಲ್ಲದಿದ್ದರೆ, ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನೆ ಹಮ್ರಿಯಾದ ಏರು ಹತ್ತಿ ಎರಡು ತೆಂಗಿನಕಾಯಿ ತಂದೆ. ಅವರಿಗೆ ಹಾಗೇ ಹೇಳು.

ನಿನ್ನನ್ನು ಮರೆತವಳಲ್ಲ,
ಅಜ್ಜಿ

*

ಆಫೀಸರ್ಸ್ ಮೆಸ್
18 ಫೆಬ್ರವರಿ 1993

ಅಜ್ಜೀ,

‘ಕಳಿಸು’ ಎಂದು ಬರೆಯುವುದಿಲ್ಲ. ನಿನ್ನೆ ವಿಚಾರಣೆ ಮುಗಿಯಿತು.

ನಡುವೆ ಕೂತ ಕರ್ನಲ್ ಸಾಹೇಬರಿಗೆ ನನಗಿಂತ ಹೆಚ್ಚು ನಾಚಿಕೆ. ಮೇಜನ್ನು ನೋಡಿಕೊಂಡು ಕೇಳಿದರು. ನಿಜ ಎಂದೆ. ಹೆಸರು ಗೊತ್ತಿದ್ದೂ, ನನ್ನ ಬಾಯಿಂದಲೇ ಬರಲೆಂದು, ಇನ್ನೊಬ್ಬಳು ಯಾರು ಎಂದರು. ನನ್ನ ವಿಷಯ ನನ್ನನ್ನು ಕೇಳಿ, ಬೇರೆಯವರ ವಿಷಯ ನಾನು ಹೇಳುವುದಿಲ್ಲ ಎಂದೆ. ತಾನೂ ಬಂದು ಹೇಳುತ್ತೇನೆಂದು ಜೇನ್ ಹಟ ಹಿಡಿದಿದ್ದಳು. ನಾನೇ ಬೇಡವೆಂದೆ. ಒಬ್ಬಳಾದರೂ ಒಳಗಿರಲಿ, ಅಜ್ಜೀ. ಇಬ್ಬರೂ ಹೊರಗೆ ಹೋದರೆ ನಮ್ಮಂಥವರು ಇಲ್ಲಿ ಇರಲೇ ಇಲ್ಲ ಎಂದುಬಿಡುತ್ತಾರೆ.

ಇನ್ನೊಬ್ಬ ಆಫೀಸರು, “ಇದು ಗೊತ್ತಾದರೆ ಜವಾನರು ನಿಮ್ಮ ಮಾತು ಕೇಳುತ್ತಾರಾ? ಶಿಸ್ತು ಉಳಿಯುತ್ತದಾ?” ಎಂದರು.

“ಗೊತ್ತಾಗಿ ಮೂರು ತಿಂಗಳಾಯಿತು ಸರ್, ವಾರ್ಡಿಗೆಲ್ಲ” ಎಂದೆ. “ಇವತ್ತು ಬೆಳಿಗ್ಗೆಯೂ ಸಾಲಾಗಿ ಬಂದು ಇಂಜೆಕ್ಷನ್ ಹಾಕಿಸಿಕೊಂಡಿದ್ದಾರೆ.”

ಕರ್ನಲ್ ಸಾಹೇಬರು ಕೆಮ್ಮಿದರು. ಅದು ನಗುವೂ ಆಗಿರಬಹುದು.

ತೀರ್ಪು ಮೇಲಿನಿಂದ ಬರಬೇಕು. ಅಲ್ಲಿಯವರೆಗೆ ಡ್ಯೂಟಿ ಇದೆ. ನೀನು ಕೇಳಿದ್ದಕ್ಕೆ ಉತ್ತರ: ಹಣೆ ಮುಟ್ಟುತ್ತಾಳೆ. ಮೊದಲು ಮಾತಾಡುವವಳೂ ಅವಳೇ. ನನ್ನ ಮೊಂಡುತನಕ್ಕೆ ನಗುತ್ತಾಳೆ, ನಿನ್ನೆ ಮಾತ್ರ ಅತ್ತಳು.

ಕುಸುಮ

*

ಹಮ್ರಿಯಾ
10 ಮಾರ್ಚ್ 1993

ಮಗಾ,

ಹೇಳಬೇಕಾದ್ದನ್ನು ನೀನು ಹೇಳಿದೆ. ಇನ್ನು ಊಟ ಬಿಡಬೇಡ.

ಮೊನ್ನೆ ಬಸ್‌ಸ್ಟಾಪಿನಲ್ಲಿ ಇಸಾಬೆಲ್ಲಾಬಾಯಿ ಸಿಕ್ಕಿದರು. ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದರು. ನಾನೇ ಹತ್ತಿರ ಹೋಗಿ, ಕುಸುಮ ನಿಮ್ಮ ಮಗಳ ಹೆಸರು ಎತ್ತಲಿಲ್ಲ, ಜೇನಿನ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದೆ. ಅವರು ನನ್ನ ಕಡೆ ನೋಡಲಿಲ್ಲ. ಬಸ್ಸು ಬಂತು. ಹತ್ತಿದವರು ಬಾಗಿಲಲ್ಲೇ ನಿಂತು, “ನಿಮ್ಮ ಹುಡುಗಿಯ ಗತಿ ಎಂತ ಹಾಗಾದರೆ?” ಎಂದರು. ಅಷ್ಟರಲ್ಲಿ ಬಸ್ಸು ಹೊರಟಿತು.

ನಿನ್ನ ಅಪ್ಪ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ. ನಿನ್ನ ಅಮ್ಮ ಮಾತಾಡುತ್ತಾಳೆ, ನಿನ್ನ ಹೆಸರು ಬಿಟ್ಟು. ಆದರೆ ನಿನಗೆ ಕಳಿಸುವ ಉಪ್ಪಿನಕಾಯಿಗೆ ಈ ಸಲ ಎಣ್ಣೆ ಹಾಕಿದವಳು ಅವಳೇ. ಜಾಸ್ತಿ ಹಾಕಿದ್ದಾಳೆ.

ಅಜ್ಜಿ

*

2 ಜುಲೈ 1993

ಅಜ್ಜೀ,

ಆರ್ಡರು ಬಂತು. ಸೇವೆ ಇನ್ನು ಬೇಕಾಗಿಲ್ಲ ಎಂದು. ಕಾರಣ ಬರೆದಿಲ್ಲ. ಅವರ ಬಾಯಲ್ಲಿ ಅದು ಬರುವುದಿಲ್ಲ ಅಂತ ಕಾಣುತ್ತದೆ.

ಹೊರಡುವ ದಿನ ಕೊನೆಯ ರೌಂಡಿಗೆ ಹೋದೆ. ಕಾಲು ಕಳೆದುಕೊಂಡ ಒಬ್ಬ ಸುಬೇದಾರರಿಗೆ ನಾನು ನಡೆಯುವುದನ್ನು ಕಲಿಸುತ್ತಿದ್ದೆ. “ಸಿಸ್ಟರ್, ನಾಳೆ ಯಾರು ಬೈಯುತ್ತಾರೆ ನನಗೆ?” ಎಂದರು. ಜೇನ್ ಬೈಯುತ್ತಾಳೆ ಎಂದೆ. “ಅವರು ಮೆತ್ತಗೆ ಬೈಯುತ್ತಾರೆ, ಕಾಲು ಮುಂದೆ ಹೋಗುವುದಿಲ್ಲ” ಎಂದರು. ಅಲ್ಲಿವರೆಗೆ ಅಳದೆ ಇದ್ದೆ, ಅಜ್ಜೀ.

ಈಗ ಇದೇ ಊರಿನಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದೇನೆ. ಜೇನ್ ರಜೆಯ ದಿನ ಬರುತ್ತಾಳೆ. ಮೇಲ್ಮನವಿ ಬರೆದಿದ್ದೇನೆ, ದಿಲ್ಲಿಗೆ. ವಕೀಲರು ಹೇಳುತ್ತಾರೆ: ತಪ್ಪು ತಿಳಿವಳಿಕೆಯಾಯಿತು, ನಾನು ಹಾಗಲ್ಲ ಎಂದು ಎರಡು ಸಾಲು ಹಾಕಿದರೆ ವಾಪಸು ತೆಗೆದುಕೊಂಡರೂ ತೆಗೆದುಕೊಳ್ಳಬಹುದು. ನಾನು ಬರೆದದ್ದು ಬೇರೆ. ನಾನು ಹೀಗೇ ಇದ್ದೇನೆ, ಹೀಗೇ ಇದ್ದು ಕೆಲಸ ಮಾಡಿದ್ದೇನೆ, ಹೀಗೇ ಇರಲು ಬಿಟ್ಟು ಕೆಲಸ ಕೊಡಿ ಎಂದು. ಕಳಿಸುವ ಧೈರ್ಯ ಇನ್ನೂ ಬಂದಿಲ್ಲ. ಮೇಜಿನ ಮೇಲೆ ಇದೆ.

ಬೆನ್ನುನೋವಿನಿಂದ ನಾನು ಕೆಲಸ ಬಿಟ್ಟೆ ಎಂದು ಅಪ್ಪ ಅಲ್ಲಿ ಎಲ್ಲರಿಗೂ ಹೇಳಿದ್ದಾರಂತೆ. ನನ್ನ ಬೆನ್ನು ಸರಿಯಾಗಿದೆ, ಅಜ್ಜೀ.

ಕುಸುಮ

*

ಹಮ್ರಿಯಾ
20 ಆಗಸ್ಟ್ 1993

ನನ್ನ ಕುಸುಮ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಕೂತು ಎದ್ದೆ. ಆ ಎರಡು ಸಾಲು ಹಾಕು ಎನ್ನಲೂ ಬಾಯಿ ಬರಲಿಲ್ಲ, ಹಾಕಬೇಡ ಎನ್ನಲೂ ಬರಲಿಲ್ಲ. ಇಲ್ಲಿ ತಣ್ಣಗೆ ಏಸಿಯಲ್ಲಿ ಕೂತು, ಬೆನ್ನುನೋವು ಎಂದವರಿಗೆಲ್ಲ ತಲೆಯಾಡಿಸುತ್ತಿದ್ದವಳು ನಾನೂ ಹೌದು. ಅಂಥವಳು ನಿನಗೆ ಧೈರ್ಯ ಹೇಳುವುದು ಯಾವ ಬಾಯಲ್ಲಿ?

ನಿನ್ನೆ ಶ್ರೀನಿವಾಸಮೂರ್ತಿಯವರ ಮನೆಯಲ್ಲಿ ಬೀಳ್ಕೊಡುವ ಚಹಾ ಇತ್ತು. ನಿನ್ನ ಅಪ್ಪನ ಮ್ಯಾನೇಜರು. ಮಸ್ಕತ್ ಸಾಕೆಂದು ಮೈಸೂರಿಗೆ ಹೋಗುತ್ತಿದ್ದಾರೆ. ಆಫೀಸಿನ ಎಲ್ಲರ ಮನೆಯವರೂ ಬಂದಿದ್ದರು. ಅದೇ ಆಫೀಸಿನಲ್ಲಿ ಟೈಪು ಮಾಡುವವರೆಂದು ಇಸಾಬೆಲ್ಲಾಬಾಯಿಯೂ ಇದ್ದರು. ಆಚೆ ಗೋಡೆಯ ಬದಿಗೆ, ತಮ್ಮ ಇಗರ್ಜಿಯ ಹೆಂಗಸರ ನಡುವೆ. ಗಂಡಸರು ಹೊರಗಿನ ಕೋಣೆಯಲ್ಲಿ.

ಮೂರ್ತಿಯವರ ಹೆಂಡತಿ ಒಳ್ಳೆಯವರೇ. ತಟ್ಟೆ ಹಿಡಿದುಕೊಂಡು ಬಂದು, “ಅಜ್ಜೀ, ನಿಮ್ಮ ಮೊಮ್ಮಗಳಿಗೆ ಬೆನ್ನುನೋವಂತಲ್ಲ, ಪಾಪ, ಈಗ ಹೇಗಿದ್ದಾಳೆ? ಮಿಲಿಟರಿ ಕೆಲಸ ಹೆಣ್ಣುಮಕ್ಕಳ ಮೈಗೆ ಆಗೋಲ್ಲ ಬಿಡಿ” ಎಂದರು.

ನಿನ್ನ ಅಮ್ಮ ನನ್ನ ಪಕ್ಕದಲ್ಲಿದ್ದಳು. ನನ್ನ ಮೊಣಕೈ ಹಿಡಿದಳು. ನನ್ನನ್ನು ಅಷ್ಟು ವರ್ಷದಿಂದ ಬಲ್ಲವಳು.

“ಅವಳ ಬೆನ್ನು ನೆಟ್ಟಗೆ ಉಂಟಮ್ಮ” ಎಂದೆ. “ಅವಳಾಗಿ ಬಿಟ್ಟದ್ದಲ್ಲ. ತೆಗೆದುಹಾಕಿದ್ದು. ಅವಳಿಗೆ ಒಂದು ಹುಡುಗಿಯ ಮೇಲೆ ಪ್ರೀತಿ. ಹೌದಾ ಅಂತ ಕೇಳಿದರು, ಹೌದು ಅಂದಳು. ಅಷ್ಟಕ್ಕೆ. ಕೆಲಸದಲ್ಲಿ ಒಂದು ತಪ್ಪು ತೋರಿಸಲಿಕ್ಕೆ ಅವರಿಗೆ ಆಗಲಿಲ್ಲ.”

ಗಂಡಸರ ಕೋಣೆಯ ಮಾತು ಕೂಡ ನಿಂತಿತು. ನನ್ನ ಗಂಟಲು ಗೊತ್ತಲ್ಲ, ಗದ್ದೆಯ ಆಚೆ ಬದಿಗೆ ಕೇಳಬೇಕೆಂದು ಬೆಳೆದದ್ದು. ಮೂರ್ತಿಯವರ ಹೆಂಡತಿಗೆ ತಟ್ಟೆ ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ನಾನೇ ತೆಗೆದುಕೊಂಡೆ. ಪಕ್ಕದಲ್ಲಿದ್ದ ಇಬ್ಬರು ಎದ್ದು ಅಡುಗೆಮನೆಗೆ ಹೋದರು, ಅಲ್ಲಿ ಏನು ಕೆಲಸವೋ. ನಿನ್ನ ಅಮ್ಮನ ಕೈ ಮೊಣಕೈಯಿಂದ ಜಾರಿತು. ಆದರೆ ಅವಳು ಏಳಲಿಲ್ಲ. ನೋಡು ಮಗಾ, ನೀನು ಮೂವರು ಸಾಹೇಬರ ಎದುರು ನಿಂತು ಹೇಳಿದ್ದನ್ನು ನಾನು ಚಕ್ಕುಲಿ ತಿನ್ನುವ ಹೆಂಗಸರ ಎದುರು ಹೇಳುವುದಕ್ಕೆ ಇಷ್ಟು ತಿಂಗಳು ಬೇಕಾಯಿತು.

ಆಗ ಆಚೆ ಗೋಡೆಯಿಂದ ಇಸಾಬೆಲ್ಲಾಬಾಯಿ ಎದ್ದರು. ಎಲ್ಲರ ನಡುವೆ ನಡೆದು ಬಂದು ನನ್ನ ಈಚೆ ಬದಿಯ ಖಾಲಿ ಕುರ್ಚಿಯಲ್ಲಿ ಕೂತರು. ಅವರು ಏನೂ ಹೇಳಲಿಲ್ಲ. ಹೇಳಬಾರದು, ಹೇಳಿದರೆ ಜೇನಿನ ಕೆಲಸಕ್ಕೆ ಕುತ್ತು. ನನ್ನ ಕೈಯಲ್ಲಿದ್ದ ತಟ್ಟೆಯಿಂದ ಒಂದು ಚಕ್ಕುಲಿ ತೆಗೆದು ಮುರಿದರು, ಅರ್ಧ ನನಗೆ ಕೊಟ್ಟರು. ಉಳಿದರ್ಧವನ್ನು ನನ್ನ ಮೇಲಿಂದ ಕೈ ಚಾಚಿ ನಿನ್ನ ಅಮ್ಮನಿಗೆ ಕೊಟ್ಟರು. ನಿನ್ನ ಅಮ್ಮ ಅದನ್ನು ತುಂಬ ಹೊತ್ತು ಹಿಡಿದುಕೊಂಡೇ ಕೂತಳು. ಆಮೇಲೆ ತಿಂದಳು.

ಮೂವರೂ ಹಾಗೇ ಕೂತೆವು, ಎಲ್ಲರೂ ಹೋಗುವವರೆಗೆ.

ನಿನ್ನ ಅಪ್ಪನಿಗೆ ನಾಳೆ ಆಫೀಸಿನಲ್ಲಿ ಏನಾಗುತ್ತದೋ ಗೊತ್ತಿಲ್ಲ. ಇವತ್ತು ಶುಕ್ರವಾರ ಯಾರೂ ಮನೆಗೆ ಬರಲಿಲ್ಲ. ಉಮರಬ್ಬ ಮಾತ್ರ ಮೀನು ತಲುಪಿಸಿ, “ಸುದ್ದಿ ಕೇಳಿದೆ ಅಜ್ಜೀ” ಎಂದ. “ಕೇಳಿದರೆ ಕೇಳಿದೆ. ಮೀನು ತಾಜಾ ಉಂಟಾ ಹೇಳು” ಎಂದೆ.

ಈಗ ನನಗೆ ಹೇಳುವ ಬಾಯಿ ಬಂತು. ಅರ್ಜಿಯಲ್ಲಿ ಒಂದಕ್ಷರ ತಿದ್ದಬೇಡ. ಇದ್ದ ಹಾಗೇ ಕಳಿಸು. ಅವರು ಕೆಲಸ ಕೊಡಲಿ, ಕೊಡದೆ ಇರಲಿ. ಇಡೀ ಹಮ್ರಿಯಾಕ್ಕೆ ಗೊತ್ತಾಯಿತು. ಇನ್ನು ದಿಲ್ಲಿಗೆ ಗೊತ್ತಾದರೆ ಏನು?

ನಿನ್ನ ಮತ್ತು ಜೇನಿನ,
ಸುಂದರಿ ಅಜ್ಜಿ